ಸಂಗವ್ವನ ದಾಳಿಂಬೆ

ರಾಚಯ್ಯ ಗಿಡದ ಬುಡ ಹಿಡಿದು ಒಮ್ಮೆ ಎಳೆದ. ಕೆಸರಿನಿಂದ ಅದು ಸಲೀಸಾಗಿ ಕಿತ್ತು ಬಂತು. ಬೇರು ಕೊಳೆತು ನಾರುತ್ತಿತ್ತು. ಗೋಡೆಯಾಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗಿಡವನ್ನು ಗೋಣಿತಾಟಿನಲ್ಲಿ ಸುತ್ತಿ ಕಟ್ಟಿಗೆ ಒಟ್ಟಿದ ಮೂಲೆಯಲ್ಲಿ ಬಚ್ಚಿಟ್ಟ.

ಚಿತ್ತಿ ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ಹುನಗುಂದದ ಎರೆಮಣ್ಣು ಕುಡಿಯುವಷ್ಟು ಕುಡಿದು, ಹಿತ್ತಿಲಲ್ಲಿ ನೀರು ನಿಂತುಬಿಟ್ಟಿತ್ತು. ಬೇರೆ ಗಿಡವಾಗಿದ್ದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಮಗಳು ಸಂಗವ್ವ ನೆಟ್ಟ ದಾಳಿಂಬೆ. ನೆಟ್ಟ ವರ್ಷವೇ ಹುಡುಗಿ ಜ್ವರದಲ್ಲಿ ತೀರಿಕೊಂಡಿದ್ದಳು. ಅಂದಿನಿಂದ ಹೆಂಡತಿ ನೀಲಾಬಾಯಿ ಆ ಗಿಡಕ್ಕೆ ನೀರುಣಿಸದೆ ತಾನು ಉಂಡವಳಲ್ಲ. ರಾಚಯ್ಯ ಮಾತ್ರ ದೂರದಿಂದಲೇ ನೋಡುತ್ತಿದ್ದ. ಹತ್ತಿರ ಹೋದರೆ ಮಗಳ ನೆನಪು ತಡೆಯಲಾಗುತ್ತಿರಲಿಲ್ಲ.

ನೀಲಾಬಾಯಿ ಈಗ ಬಾಗಲಕೋಟೆಯ ದವಾಖಾನೆಯಲ್ಲಿದ್ದಳು. ಗುಂಡಿಗೆ ದುರ್ಬಲವಾಗಿದೆ, ಮನಸ್ಸಿಗೆ ಪೆಟ್ಟು ಬೀಳುವಂಥದ್ದೇನೂ ಆಗಕೂಡದು ಎಂದು ಡಾಕ್ಟರು ಅವನನ್ನು ಹೊರಗೆ ಕರೆದು ಹೇಳಿದ್ದರು. ನೋಡಲು ಹೋದಾಗಲೆಲ್ಲ ಅವಳದು ಒಂದೇ ಪ್ರಶ್ನೆ.

“ಗಿಡ ಹೆಂಗೈತ್ರಿ? ನೀವು ಹಿತ್ತಲಕ್ಕ ಹೋಗಿದ್ರೇನು?”

“ಹೂ ಬಿಟ್ಟೈತಿ. ನೀ ಆರಾಮಾಗು.”

ಆಗ ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

ಗುರುವಾರ ಅವಳನ್ನು ಮನೆಗೆ ಕಳಿಸುವವರಿದ್ದರು. ಅಷ್ಟರೊಳಗೆ ಅಂಥದೇ ಗಿಡ ಬೇಕು.

ಕೆರೂರಿನ ಸಂತೆಯಲ್ಲಿ ಸಿಕ್ಕಿದ್ದು ಗೇಣುದ್ದದ ಸಸಿಗಳು. ಗುಡೂರಿನ ತೋಟದಲ್ಲಿದ್ದ ಗಿಡಕ್ಕೆ ಕಾಂಡ ಒಂದೇ. ಮನೆಯದು ಬುಡದಲ್ಲೇ ಎರಡಾಗಿ ಕವಲೊಡೆದಿತ್ತು. ಎತ್ತರ ಅವನ ಹೆಗಲಿನಷ್ಟು. ಹಿಂದೊಮ್ಮೆ ಅವನು ತನ್ನ ಅಂಗಡಿಯ ಸಾಮಾನಿಗೆಂದು ಸೊಲ್ಲಾಪುರಕ್ಕೆ ಹೋಗಿ ಬಂದಾಗ, ಹುಳ ಬಿದ್ದಿತ್ತೆಂದು ಅದನ್ನು ಕಡಿದು ಗಿಡ್ಡ ಮಾಡಿದ್ದಾಗಿ ನೀಲಾಬಾಯಿ ಹೇಳಿದ್ದಳು.

ತೊಯ್ದು ತೊಪ್ಪೆಯಾಗಿ ಕಮತಗಿಯಲ್ಲಿ ಬಸ್ಸಿಳಿದಾಗ ಅವನ ಕೈಕಾಲು ಸೋತಿದ್ದವು. ಚಹಾದಂಗಡಿಯ ಬೆಂಚಿನ ಮೇಲೆ ಕುಸಿದು, ನಾಲ್ಕು ಜನ ನೋಡುತ್ತಿದ್ದಾರೆಂಬುದನ್ನೂ ಮರೆತು ಅತ್ತುಬಿಟ್ಟ. ಅಂಗಡಿಯವನೇ ವಿಷಯ ಕೇಳಿ ಸಮಾಧಾನ ಹೇಳಿ, ಹೂವು, ಗಿಡ ಮಾರುವ ಮೌಲಾಬಿಯ ಮನೆ ತೋರಿಸಿದ.

ಮೌಲಾಬಿ ವಯಸ್ಸಾದ ಹೆಂಗಸು. ತಾನು ಹುನಗುಂದದ ರಾಚಯ್ಯ, ದಾಳಿಂಬೆ ಗಿಡ ಬೇಕಾಗಿತ್ತು ಎಂದ. ಯಾಕೆಂದು ಅವಳು ಕೇಳಲಿಲ್ಲ. ಹಿತ್ತಿಲಿನ ಗಿಡಗಳ ಸಾಲು ದಾಟಿ ಹೋಗಿ ಒಂದು ಗಿಡದ ಮುಂದೆ ನಿಂತಳು. ಎರಡು ಕವಲು, ಹೆಗಲೆತ್ತರ. ಕವಲಿನ ಮಾತನ್ನು ಅವನಿನ್ನೂ ಎತ್ತಿರಲೇ ಇಲ್ಲ. ಬಸವಣ್ಣನೇ ಕಣ್ಣು ತೆರೆದ ಅಂದುಕೊಂಡ.

“ನಿಮಗ ಇದ ಸರಿ ಅಕ್ಕೈತ್ರಿ,” ಅಂದಳು ಮೌಲಾಬಿ. “ಈ ಸಲ ಮಣ್ಣು ಏರಿಸಿ ಹಚ್ರಿ. ನೀರು ನಿಂದರಬಾರದು.”

ಈ ಸಲದ ಮಳೆಯೇ ಹಾಗಿದೆ ಎಂದು ರಾಚಯ್ಯ ತಲೆಯಾಡಿಸಿದ.

ಬೇರಿನ ಮಣ್ಣು ಸಡಿಲಾಗದಂತೆ ತಾಟು ಸುತ್ತಿ, ಹುಲ್ಲಪ್ಪ ಎಂಬವನ ಎತ್ತಿನ ಚಕ್ಕಡಿಯಲ್ಲಿ ಗಿಡವನ್ನು ತಂದ. ದಿಬ್ಬ ಮಾಡಿ ನೆಟ್ಟ. ದಾರಿಯಲ್ಲೇ ಎಲೆ ಬಾಡಿತ್ತು. ಬದುಕು ತಾಯಿ, ಅವಳು ಒಮ್ಮೆ ನೋಡುವವರೆಗಾದರೂ ಬದುಕು ಎಂದು ಮಳೆಯಲ್ಲೇ ಕೈ ಮುಗಿದು ನಿಂತ.

ಗುರುವಾರ ನೀಲಾಬಾಯಿ ಮನೆಗೆ ಬಂದವಳೇ ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ನಡೆದಳು. ಬಿದ್ದರೆ ಹಿಡಿಯಲೆಂದು ರಾಚಯ್ಯ ಬೆನ್ನಿಗೇ ನಿಂತ. ಅವಳು ಎಲೆ ಮುಟ್ಟಿದಳು. ಏರಿಸಿದ ಮಣ್ಣು ನೋಡಿದಳು.

“ಮೌಲಾಬಿ ಆರಾಮ ಅದಾಳೇನ್ರಿ?” ಎಂದಳು.

ಆ ಹೆಸರನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವಳು ಅವನ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

“ನೀವು ಕಿತ್ತದ್ದೂ ಆಕೀ ಕಡೆಯಿಂದ ನಾ ತಂದದ್ದ ರೀ. ನಮ್ಮ ಸಂಗೀದು ಯಾವಾಗೋ ಒಣಗಿ ಹೋಗಿತ್ತು. ನೀವು ತಾಳಾಂಗಿಲ್ಲ ಅಂತ ನಾ ಹೇಳಲಿಲ್ಲ.”