ಕೊರಳಿನ ಟೇಪು

ಪ್ರಾರ್ಥನಾ ಮಂದಿರದ ಕೊನೆಯ ಬೆಂಚಿನಲ್ಲಿ ನರ್ಸಮ್ಮ ಯಾರೋ ನರೆಗೂದಲಿನ ಹೆಂಗಸಿನ ಜೊತೆ ಬೈಬಲ್ ತೆರೆದು ಕೂತಿದ್ದು ಕಂಡು ಟೈಲರಕ್ಕನ ಹೊಟ್ಟೆ ಉರಿದುಹೋಯಿತು. ಹೊಲಿಗೆ ಮೆಷಿನ್ ನಿಲ್ಲಿಸಿ, ಯೇಸು ಯಾರೆಂದು ನರ್ಸಮ್ಮನಿಗೆ ಬಿಡಿಸಿ ಬಿಡಿಸಿ ಹೇಳಿದ್ದು ತಾನು. ಈಗ ಇವಳಿಗೆ ಬೇರೆ ಗುರು ಬೇಕಾಯಿತೇ? ಕಂಬದ ಮರೆಗೆ ಸರಿದು ಕಿವಿಗೊಟ್ಟಳು.

"ಆಂಟಿ, ಮೊದ್ಲು ಆ ಸ್ಕಾರ್ಫ್ ತೆಗೀರಿ," ಎನ್ನುತ್ತಾ ನರ್ಸಮ್ಮ ತನ್ನ ಕೊರಳಿನ ಐಡಿ ಕಾರ್ಡನ್ನೂ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಪ್ರಾರ್ಥನೆಗೆ ಕೂತಾಗ ಕೊರಳಲ್ಲಿ ಏನೂ ಇರಬಾರ್ದು."

"ಹಾಗಂತ ಬೈಬಲ್‌ನಲ್ಲಿ ಇದ್ಯಾಮ್ಮ? ನಂಗೆ ಎಲ್ಲಾ ಹೊಸದು."

"ಗೊತ್ತಿಲ್ಲ ಆಂಟಿ. ನಂಗೆ ಹೇಳ್ಕೊಟ್ಟ ಟೈಲರಕ್ಕ ಯಾವಾಗ್ಲೂ ಹಾಗೇ ಮಾಡೋದು."

ಬೈಬಲ್ ಓದಿ ಹೇಳುವಾಗ ಬಗ್ಗಿದರೆ ಪುಟದ ಮೇಲೆ ಜೋತುಬೀಳುತ್ತದೆಂದಷ್ಟೇ ಟೈಲರಕ್ಕ ತೆಗೆದಿಡುತ್ತಿದ್ದ ಅಳತೆ ಟೇಪು ಈಗಲೂ ಅವಳ ಕೊರಳಲ್ಲಿತ್ತು. ಮೆಲ್ಲನೆ ಅದನ್ನು ತೆಗೆದು, ಮಡಚಿ ಹಿಡಿದು, ಕಂಬದ ಹಿಂದೆಯೇ ಕಣ್ಣು ಮುಚ್ಚಿದಳು.