ಬಾಗದ ಸೇತುವೆ

ಆ ಊರಿನಲ್ಲಿ ಸೇತುವೆ ಬಾಗಿದೆಯೋ ಇಲ್ಲವೋ ಎಂದು ಹೇಳುವ ಹಕ್ಕು ಕಂಪ್ಯೂಟರಿನಲ್ಲಿದ್ದ ಅದರ ಮಾದರಿಗೆ ಮಾತ್ರ ಇತ್ತು. ಮನುಷ್ಯರ ಕಣ್ಣಿಗೆ ಇರಲಿಲ್ಲ.

ಸೇತುವೆಯ ಮೇಲಿನ ಸಾಲುಮನೆಯೊಂದರಲ್ಲಿ ಚಂಪಕ್ಕ ಇಟ್ಟಿಗೆ ಕೊಟ್ಟು ಮಟ್ಟ ಮಾಡಿದ್ದ ಮಂಚದ ಕಾಲು ತೋರಿಸಿದಳು. "ಹೋದ ತಿಂಗಳ ಎರಡ ಇಟ್ಟಿಗಿ ಸಾಕಾಗಿದ್ವು ಸಾಹೇಬ್ರ. ಈಗ ಮೂರು ಬೇಕಾಗ್ಯಾವ."

ಎಂಜಿನಿಯರ್ ಇಂದುಧರ ತಲೆ ತಗ್ಗಿಸಿದ. ಆ ಮಾದರಿ ಅವನದೇ ಕೈಕೆಲಸ. ಇಡೀ ಸೇತುವೆಯನ್ನು ಅದರಲ್ಲಿ ನಾಲ್ಕು ಮೂಲೆಯ ಚತುಷ್ಫಲಕಗಳಾಗಿ ಕತ್ತರಿಸಿದ್ದ. ಅಂಥ ಚೂರುಗಳು ದೊಡ್ಡವಾದರೆ ಲೆಕ್ಕದ ಸೇತುವೆ ನಿಜವಾದದ್ದಕ್ಕಿಂತ ಬಿರುಸಾಗುತ್ತದೆ, ಹೆಚ್ಚುಕಡಿಮೆ ಬಾಗುವುದೇ ಇಲ್ಲ. ಅದು ಗೊತ್ತಿದ್ದೂ, ಬೇಗ ಮುಗಿಯಲೆಂದು ದೊಡ್ಡ ಚೂರುಗಳನ್ನೇ ಹಾಕಿದ್ದ. ಸರ್ಕಾರಿ ಕಚೇರಿಯ ಮುದ್ರೆ ಬಿದ್ದ ಮಾದರಿಯನ್ನು ಮಾಡಿದವನೂ ತಿದ್ದುವಂತಿರಲಿಲ್ಲ. ತಿದ್ದಲು ಅನುಮತಿ ಕೇಳಿ ಏಳು ಸಲ ಅರ್ಜಿ ಹಾಕಿದ್ದ. ಕಚೇರಿಯವರು ಏಳು ಸಲವೂ ಮಾದರಿಯನ್ನೇ ಕೇಳಿ, "ಬಾಗಿಲ್ಲ" ಎಂದು ಬರೆದು ಕಳಿಸಿದ್ದರು.

"ಮನಿ ಬಿಟ್ಟು ಹೋಗ್ರಿ ಚಂಪಕ್ಕ," ಎಂದ.

"ಬಾಗದ ಸೇತುವಿ ಬಿಟ್ಟವ್ರಿಗೆ ಬ್ಯಾರೆ ಮನಿ ಯಾರು ಕೊಡ್ತಾರ್ರಿ?"

ಚಂಪಕ್ಕ ಮೂಲೆಯಿಂದ ಇನ್ನೊಂದು ಇಟ್ಟಿಗೆ ತಂದಳು. "ಇರ್ಲಿ ಬಿಡ್ರಿ. ಈ ಮಂಚ ಒಂದೀಟು ಎತ್ತಿ ಹಿಡೀರಿ."

ಇಂದುಧರ ಎರಡೂ ಕೈಯಿಂದ ಎತ್ತಿ ಹಿಡಿದ. ಅವನ ಕೈಲಾಗುವುದು ಅಷ್ಟೇ ಉಳಿದಿತ್ತು.