ಮೈ ಕಾವು

ಹಿಮಾಚಲದ ಆ ಬೆಟ್ಟದೂರಿನಲ್ಲಿ ಮಂಡಿಮಟ್ಟ ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟಿದ್ದರು. ದಾವಣಗೆರೆಯಿಂದ ವರ್ಗವಾಗಿ ಬಂದಿದ್ದ ಹೊಸ ಮೇಷ್ಟ್ರು ಹೆಂಡತಿಯೊಂದಿಗೆ ಬಾಗಿಲು ಹಾಕಿಕೊಂಡು ಮನೆಯಲ್ಲೇ ಇದ್ದರು. ಎದುರು ಮನೆಯ ಬಿಮಲಾದೇವಿಗೆ ಮಾತ್ರ ಸಮಾಧಾನವಿರಲಿಲ್ಲ. ಕಿಟಕಿಯಿಂದ ಅವಳಿಗೆ ದಿನವಿಡೀ ಕಂಡದ್ದು ಒಂದೇ: ಗಂಡ, ಹೆಂಡತಿ ಸರದಿಯ ಮೇಲೆ ಬಂದು ಒಲೆಯ ಪಕ್ಕದ ಕಂಬಳಿ ಗಂಟನ್ನು ಮೆಲ್ಲಗೆ ಸರಿಸಿ ಇಣುಕುವುದು, ಮುಖ ಸಪ್ಪಗೆ ಮಾಡಿಕೊಂಡು ಮತ್ತೆ ಹೊದಿಸುವುದು. ಪಾಪ, ಕೂಸನ್ನು ಇದುವರೆಗೆ ಯಾರ ಕಣ್ಣಿಗೂ ಬೀಳಿಸಿಲ್ಲ ಎಂದುಕೊಂಡಳು.

ಸಂಜೆ ತಡೆಯಲಾರದೆ ಕಿಟಕಿ ತೆರೆದು ಕೂಗಿದಳು. "ಮಾಸ್ಟರ್‌ಜಿ, ಹೇಗಿದೆ ಈಗ?"

"ನಿನ್ನೆಯಿಂದ ಹಾಗೇ ಇದೆ ಅಮ್ಮಾಜಿ. ಒಂಚೂರೂ ಮಿಸುಕಿಲ್ಲ. ಇವಳಂತೂ ಅಳೋದೊಂದು ಬಾಕಿ."

"ಹೆದರಬೇಡಿ, ಈ ಚಳಿಗೆ ಹಾಗೇ. ಒಲೆ ಕಾವು ಸಾಲದು. ನಿಮ್ಮ ರಜಾಯಿ ಒಳಗೆ ಹಾಕ್ಕೊಂಡು ಅಪ್ಪಿಕೊಂಡು ಮಲಗಿ. ಮೈ ಕಾವು ತಾಗಬೇಕು."

"ಅಪ್ಪಿಕೊಂಡಾ?"

"ಅದರಲ್ಲಿ ನಾಚಿಕೆ ಎಂಥದ್ದು? ನಾನು ಐದನ್ನೂ ಹಾಗೇ ಉಳಿಸಿಕೊಂಡದ್ದು!"

ಅಂದು ಅವಳು ಮಲಗುವ ಮೊದಲು ಉಣ್ಣೆಯದೊಂದು ಪುಟ್ಟ ಟೋಪಿ ಹೆಣೆದು ಮುಗಿಸಿದಳು. ಬೆಳಗಾಗುತ್ತಲೇ ಹಿಮ ತುಳಿದುಕೊಂಡು ಹೋಗಿ ಬಾಗಿಲು ತಟ್ಟಿದಳು. ಬಾಗಿಲು ತೆರೆದ ಮೇಷ್ಟ್ರ ಮುಖ ಊರಗಲವಾಗಿತ್ತು.

"ನೀವು ಹೇಳಿದ ಹಾಗೇ ಬೆಳಗಿನವರೆಗೂ ಅಪ್ಪಿಕೊಂಡು ಮಲಗಿದ್ದೆ ಅಮ್ಮಾಜಿ. ಹಿಟ್ಟು ಪಾತ್ರೆ ತುಂಬ ಉಬ್ಬಿದೆ! ಬನ್ನಿ, ಮೊದಲನೇ ದೋಸೆ ನಿಮಗೇ."